ನಲವತ್ತೊಂದನೆಯ ಏಟಿನ ಬಂಡೆ

ಗ್ರೀಸ್ ದೇಶದ ದಕ್ಷಿಣ ಕರಾವಳಿಗೆ ರಜೆ ಕಳೆಯಲು ಹೋದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಒಂದು ದಿನದ ಪ್ರವಾಸ ಮಾಡಿಸುವವರು ಮೂರು ಜಾಗಗಳನ್ನಂತೂ ತಪ್ಪಿಸುವುದಿಲ್ಲ. ಬೆಳಿಗ್ಗೆ ನೀಲಿ ಗವಿ, ಆಮೇಲೆ ಪಾಳುಬಿದ್ದ ಕೋಟೆ, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಲಿಥಾರಿ ಎಂಬ ಪುಟ್ಟ ಊರು. ಊರೆಂದರೆ ಕೊಲ್ಲಿಯ ಒಳಮಗ್ಗುಲಿಗೆ ಅಂಟಿಕೊಂಡ ಮೂವತ್ತು ಮನೆ, ಎರಡು ಊಟದ ಅಂಗಡಿ, ಒಂದು ಇಗರ್ಜಿ. ದೋಣಿ ನಿಲ್ಲುವ ಧಕ್ಕೆಯ ಪಕ್ಕದಲ್ಲಿ ನೀರಿಗೆ ಚಾಚಿಕೊಂಡ ಚಪ್ಪಟೆ ಬಂಡೆಯೊಂದಿದೆ. ಅದರ ನಡುಭಾಗ ಹಳೆಯ ಒರಳಿನ ಒಳಗಿನಷ್ಟು ನುಣ್ಣಗೆ ಸವೆದಿದೆ. ಬಂದವರು ಅದರ ಮೇಲೆ ಟವೆಲ್ ಹಾಸಿ ಬಿಸಿಲು ಕಾಯಲು ನೋಡುತ್ತಾರೆ, ಅಂಗಡಿಯವರು ಕೂಗಿ ಎಬ್ಬಿಸುತ್ತಾರೆ. ಅದಕ್ಕೆ ನಲವತ್ತೊಂದನೆಯ ಏಟಿನ ಬಂಡೆ ಎಂದು ಹೆಸರು. ಕಲ್ಲುಕಲ್ಲಿಗೂ ಒಬ್ಬ ದೇವರ ಇಲ್ಲವೇ ಒಬ್ಬ ವೀರನ ಹೆಸರಿರುವ ಆ ಸೀಮೆಯಲ್ಲಿ ಇದೊಂದಕ್ಕೆ ಮಾತ್ರ, ಸೊಸೆಯೊಬ್ಬಳು ಅತ್ತೆಯ ಮಾತು ಮೀರಿದ್ದರಿಂದ ಹೆಸರು ಬಂತು ಎನ್ನುತ್ತಾರೆ.

ಅಲ್ಲಿಯ ಪದ್ಧತಿಯೊಂದನ್ನು ಮೊದಲು ಹೇಳಬೇಕು. ಎಂಟು ತೋಳಿನ ಆಕ್ಟೋಪಸ್ಸನ್ನು ಹಿಡಿದು ತಂದ ಹಾಗೆಯೇ ಬೇಯಿಸಿದರೆ ಅದು ಚಪ್ಪಲಿಯ ತೊಗಲಿನಷ್ಟು ಗಟ್ಟಿ. ಆದ್ದರಿಂದ ಅದನ್ನು ಬಂಡೆಗೆ ಎತ್ತಿ ಬಡಿದು ಮೆತ್ತಗೆ ಮಾಡುತ್ತಾರೆ. ಬಡಿತ ನಲವತ್ತು. ಕಡಿಮೆಯಾದರೆ ಹಲ್ಲಿಗೆ ಕೆಲಸ, ಹೆಚ್ಚಾದರೆ ಮಾಂಸ ನಾರುನಾರಾಗಿ ಹಾಳು ಎಂಬುದು ಹೆಂಗಸರ ಲೆಕ್ಕ. ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸದಲ್ಲಿ ಮಾಂಸ, ಮೀನು ಎರಡೂ ನಿಷಿದ್ಧ. ಮೈಯಲ್ಲಿ ರಕ್ತವಿಲ್ಲದ ಪ್ರಾಣಿಗಳೆಂದು ಆಕ್ಟೋಪಸ್ಸಿನಂಥವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಆ ದಿನಗಳಲ್ಲಿ ಮನೆಯ ಮರ್ಯಾದೆಯೆಲ್ಲ ಈ ನಲವತ್ತು ಏಟಿನ ಮೇಲೆ ನಿಂತಿರುತ್ತಿತ್ತು.

ಹಿಂದೆ ಒಮ್ಮೆ, ಊರಿನ ಇಗರ್ಜಿಗೆ ಇನ್ನೂ ಗಂಟೆಯೇ ಬಂದಿರದ ಕಾಲದಲ್ಲಿ, ಫ್ರೋಸೊ ಎಂಬ ಹುಡುಗಿ ಬೆಟ್ಟದ ಹಳ್ಳಿಯಿಂದ ಲಿಥಾರಿಗೆ ಸೊಸೆಯಾಗಿ ಬಂದಳು. ಆಡು ಮೇಯಿಸಿ ಬೆಳೆದವಳಿಗೆ ಸಮುದ್ರದ ಗಂಧಗಾಳಿಯೂ ಇರಲಿಲ್ಲ. ಗಂಡ ಪಾಂದೆಲಿಸ್ ಒಳ್ಳೆಯವನೇ, ಆದರೆ ವಾರದಲ್ಲಿ ನಾಲ್ಕು ದಿನ ಬಲೆ ಹಿಡಿದು ಕಡಲಲ್ಲೇ ಇರುವವನು. ಮನೆಯಲ್ಲಿ ಉಳಿಯುತ್ತಿದ್ದದ್ದು ಅತ್ತೆ ಅರ್ಗೀರೋ. ಅವಳ ಕಣ್ಣಿಗೆ ಸೊಸೆ ಹಚ್ಚಿದ ಒಲೆ ಹೊಗೆಯಾಡುತ್ತಿತ್ತು, ನಾದಿದ ಹಿಟ್ಟು ಉಬ್ಬುತ್ತಿರಲಿಲ್ಲ, ಬಡಿದ ಆಕ್ಟೋಪಸ್ಸಂತೂ ಒಮ್ಮೆ ಮೂವತ್ತೇಳಕ್ಕೆ ನಿಂತರೆ ಇನ್ನೊಮ್ಮೆ ನಲವತ್ತಾರಕ್ಕೆ ಹೋಗುತ್ತಿತ್ತು. ಎರಡೂ ಸಲ ಊರ ಹೆಂಗಸರ ಮುಂದೆಯೇ ಬೈಸಿಕೊಂಡಿದ್ದಳು. ಫ್ರೋಸೊಗೆ ಅತ್ತೆಯೆಂದರೆ ಪುಕುಪುಕು. ಅಂದಿನಿಂದ ಅತ್ತೆ ಪಕ್ಕದಲ್ಲಿ ನಿಂತು ಎಣಿಸುವುದು, ಸೊಸೆ ಬಡಿಯುವುದು ಎಂದಾಯಿತು.

ಉಪವಾಸದ ಒಂದು ಬೆಳಿಗ್ಗೆ ಮನೆಗೆ ಪಾದ್ರಿಗಳು ಊಟಕ್ಕೆ ಬರುವವರಿದ್ದರು. ಮನೆಯಲ್ಲಿದ್ದದ್ದು ಒಂದೇ ಒಂದು ಆಕ್ಟೋಪಸ್. ಅಂದು ಕಡಲ ಮೇಲೆ ಎಂಥ ಮಂಜು ಕವಿದಿತ್ತೆಂದರೆ ಬಂಡೆಯ ಮೇಲೆ ನಿಂತವಳಿಗೆ ತನ್ನ ಕಾಲಬುಡದ ನೀರೇ ಕಾಣುತ್ತಿರಲಿಲ್ಲ. ಫ್ರೋಸೊ ಬಡಿದಳು, ಅರ್ಗೀರೋ ಎಣಿಸಿದಳು. ಮೂವತ್ತು ದಾಟಿದ ಮೇಲೆ ಫ್ರೋಸೊಳ ಕಿವಿಗೆ ಏಟುಗಳ ನಡುವೆ ಒಂದು ಸದ್ದು ಬಿತ್ತು. ಕಿರ್ರ್ ಎನ್ನುವ, ದೋಣಿಯ ಹುಟ್ಟಿನ ಸದ್ದು. ಪಾಂದೆಲಿಸನ ಎಡಗಡೆಯ ಹುಟ್ಟಿನ ತೊಗಲಪಟ್ಟಿ ಒಣಗಿತ್ತು, ಎಣ್ಣೆ ಹಾಕೆಂದು ಅವಳೇ ಎರಡು ಸಲ ಹೇಳಿದ್ದಳು. ನಲವತ್ತಾಯಿತು. ಅತ್ತೆ ಸಾಕೆಂದಳು, ಫ್ರೋಸೊ ಕೈ ನಿಲ್ಲಿಸಿದಳು. ಅಷ್ಟರಲ್ಲಿ ಆ ಕಿರ್ರ್ ಸದ್ದೂ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿಸಿತು, ಆದರೆ ಈಗ ಬಲಗಡೆಯಿಂದ. ಕೊಲ್ಲಿಯ ಬಾಯಿಯ ಬಲಕ್ಕೆ ನೀರೊಳಗೆ ಗರಗಸದ ಹಲ್ಲಿನಂಥ ಕಲ್ಲುಗಳಿದ್ದವು. ಅವುಗಳ ಮೇಲೆ ಹೋದ ದೋಣಿ ಒಂದೂ ಉಳಿದಿರಲಿಲ್ಲ.

ಫ್ರೋಸೊ ಗಂಡನ ಹೆಸರು ಹಿಡಿದು ಕೂಗಿದಳು. ಕೊಲ್ಲಿಯ ಸುತ್ತಲಿನ ಕಡಿದಾದ ಬೆಟ್ಟದ ಗೋಡೆಗಳು ಆ ಕೂಗನ್ನು ನಾಲ್ಕು ಕಡೆಗೂ ಎಸೆದವು. ಕೇಳಿದವನಿಗೆ ದಾರಿ ತಿಳಿಯುವ ಬದಲು ಇನ್ನಷ್ಟು ದಿಕ್ಕು ತಪ್ಪುವಂತಿತ್ತು. ಆಗ ಅವಳಿಗೆ ಹೊಳೆಯಿತು: ಇಷ್ಟು ಹೊತ್ತು ಅವನು ಬಡಿತದ ಸದ್ದನ್ನೇ ಹಿಡಿದು ಬರುತ್ತಿದ್ದ. ಒದ್ದೆಯ ಮಂದ ಏಟು ಗೋಡೆಗೆ ಮುಟ್ಟುವಷ್ಟು ಜೋರಿಲ್ಲ, ನೀರಿನ ಮೇಲೆ ನೇರವಾಗಿ ಹೋಗುತ್ತದೆ. ಅವಳು ಆಕ್ಟೋಪಸ್ಸನ್ನು ಮತ್ತೆ ಎತ್ತಿದಳು. ಅತ್ತೆ ಅವಳ ಮಣಿಕಟ್ಟು ಹಿಡಿದಳು.

"ನಲವತ್ತಾಯ್ತು ಅಂದೆನಲ್ಲ. ಪಾದ್ರಿಗಳಿಗೆ ಗಂಜಿ ಬಡಿಸ್ತೀಯಾ?"

"ಅತ್ತೆ, ಅಲ್ಲಿರೋದು ನಿಮ್ಮ ಮಗ. ಕಲ್ಲಿನ ಕಡೆ ಹೋಗ್ತಿದ್ದಾರೆ."

"ಅವನು ಬರೋದು ನಾಳೆ. ಸುಮ್ಮನೆ ಏನೇನೋ ಹೇಳಬೇಡ, ಕೊಡು ಇಲ್ಲಿ."

ಮದುವೆಯಾಗಿ ಏಳು ತಿಂಗಳಲ್ಲಿ ಆ ಮನೆಯಲ್ಲಿ ಫ್ರೋಸೊ ಒಮ್ಮೆಯೂ ಎದುರಾಡಿದವಳಲ್ಲ. ತಾನು ಕೇಳಿದ್ದು ಬೇರೆ ಯಾರದೋ ಹುಟ್ಟಾದರೆ, ಒಂದು ಹೊತ್ತಿನ ಊಟವೂ ಹೋಯಿತು, ಜನ್ಮಕ್ಕಾಗುವಷ್ಟು ಬೈಗುಳವೂ ಬಂತು. ಆದರೂ ಕೈ ಕೊಡವಿ ಬಿಡಿಸಿಕೊಂಡು ನಲವತ್ತೊಂದನೆಯ ಏಟು ಹಾಕಿದಳು. ಆಮೇಲೆ ನಿಲ್ಲಿಸಲಿಲ್ಲ. ಅರ್ಗೀರೋ ಬಾಯಿ ತೆರೆದವಳು ಹಾಗೆಯೇ ನಿಂತಳು, ಏಕೆಂದರೆ ಬಲಗಡೆಗೆ ಹೋಗುತ್ತಿದ್ದ ಸದ್ದು ತಡೆದು, ತಿರುಗಿ, ಅವರ ಕಡೆಗೇ ಬರತೊಡಗಿತ್ತು. ಈಗ ಅವಳಿಗೂ ಅದರ ಗುರುತು ಹತ್ತಿತು. ನೂರರ ಸುಮಾರಿಗೆ ಸೊಸೆಯ ತೋಳು ಸೋತಾಗ ಅತ್ತೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ತಾನೇ ಬಡಿಯಲು ನಿಂತಳು. ಇಬ್ಬರೂ ಸರದಿಯಲ್ಲಿ ಬಡಿದರು. ಎಣಿಕೆ ಯಾರಿಗೂ ನೆನಪಾಗಲಿಲ್ಲ.

ಕೊನೆಗೆ ಮಂಜಿನೊಳಗಿಂದ ದೋಣಿಯ ಮೂಗು ಬಂದು ಬಂಡೆಗೆ ತಾಗಿತು. ಪಾಂದೆಲಿಸ್ ಮೈಯೆಲ್ಲ ತೊಯ್ದು ತೊಪ್ಪೆಯಾಗಿದ್ದ. "ನಡುವೆ ಯಾಕೆ ನಿಲ್ಲಿಸಿದ್ರಿ? ದಾರಿ ಹೋಯ್ತು ಅಂದ್ಕೊಂಡೆ" ಎಂದನಂತೆ. ಫ್ರೋಸೊ ಬಂಡೆಯ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಹೋದ ಜೀವ ಬಂದವರ ಅಳು ಅದು. ಅರ್ಗೀರೋ ಅಳಲಿಲ್ಲ. ಮಗನ ಮುಖವನ್ನು ಎರಡೂ ಕೈಯಿಂದ ಸವರಿ, ಬಟ್ಟೆ ಬದಲಿಸಿಕೋ ಎಂದು ಗದರಿ, ಬಂಡೆಗೆ ಮೆತ್ತಿಕೊಂಡಿದ್ದ ಆಕ್ಟೋಪಸ್ಸಿನ ಚಿಂದಿಯನ್ನು ಬಳಿದು ಬಟ್ಟಲಿಗೆ ಹಾಕಿಕೊಂಡಳು. ಅದನ್ನೇ ಈರುಳ್ಳಿಯ ಜೊತೆ ಕುದಿಸಿ ಸಾರು ಮಾಡಿದರು. ಪಾದ್ರಿಗಳಿಗೆ ಬಾಯಲ್ಲಿದ್ದದ್ದು ಮೂರೇ ಹಲ್ಲು. ಮೂರು ಬಟ್ಟಲು ಕುಡಿದು, ಇಷ್ಟು ವರ್ಷದಲ್ಲಿ ಲಿಥಾರಿಯ ಆಕ್ಟೋಪಸ್ಸನ್ನು ಇವತ್ತೇ ಮೊದಲು ಸರಿಯಾಗಿ ಬಡಿದಿದ್ದೀರಿ ಎಂದು ಹರಸಿ ಹೋದರು ಎನ್ನುತ್ತಾರೆ.

ತಪ್ಪಾಯಿತೆಂದು ಅತ್ತೆ ಸೊಸೆಯ ಕ್ಷಮೆ ಕೇಳಿದಳೆಂದು ಊರಲ್ಲಿ ಯಾರೂ ಹೇಳುವುದಿಲ್ಲ, ಅಂಥ ಹೆಂಗಸೂ ಅವಳಾಗಿರಲಿಲ್ಲ. ಮುಂದಿನ ಸಲ ಫ್ರೋಸೊ ನಲವತ್ತಕ್ಕೆ ಸರಿಯಾಗಿ ಕೈ ಇಳಿಸಿ ಮುಖ ನೋಡಿದಾಗ ಅರ್ಗೀರೋ ಕಡಲ ಕಡೆಗೆ ಕಿವಿಯಿಟ್ಟು ನಿಂತಿದ್ದಳು. ಸ್ವಲ್ಪ ತಡೆದು, "ಇನ್ನೊಂದು ಹಾಕಮ್ಮ" ಎಂದಳು. ಅವಳ ಬಾಯಲ್ಲಿ ಸೊಸೆಗೆ 'ಅಮ್ಮ' ಎಂಬ ಮಾತು ಬಂದದ್ದು ಅದೇ ಮೊದಲು.

ಈಗಲೂ ಮಧ್ಯಾಹ್ನದ ದೋಣಿಯಲ್ಲಿ ಹೋದವರಿಗೆ ಇದು ನೋಡಲು ಸಿಗುತ್ತದೆ. ಊಟದ ಅಂಗಡಿಯ ಕಿರಿಯ ಹೆಂಗಸು ಬಂಡೆಯ ಮೇಲೆ ನಲವತ್ತು ಸಲ ಬಡಿದು ಕೈ ಇಳಿಸುತ್ತಾಳೆ. ಪ್ರವಾಸಿಗಳು ಮುಗಿಯಿತೆಂದುಕೊಂಡು ಕ್ಯಾಮೆರಾ ಕೆಳಗಿಳಿಸುತ್ತಾರೆ. ಅವಳು ಕದಲುವುದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಮನೆಯ ಹಿರಿಯಳು ಒಂದು ಗಳಿಗೆ ಕಡಲಿನ ಸದ್ದು ಆಲಿಸುತ್ತಾಳೆ, ಆಮೇಲೆ ಮೆಲ್ಲನೆ ಇನ್ನೊಂದು ಎನ್ನುತ್ತಾಳೆ. ಹಿರಿಯಳು ಹೇಳದೆ ಆ ಏಟು ಬೀಳುವುದಿಲ್ಲ. ಹೇಳದೆ ಉಳಿದ ಹಿರಿಯಳು ಆ ಊರಲ್ಲಿ ಇದುವರೆಗೆ ಒಬ್ಬಳೂ ಇಲ್ಲ.