ಚೌಡವ್ವ ಕೇಳಿದ್ದು

“ಕೇಳಿರಿ, ಬೆಡಗೂರಿನ ಪ್ರಜೆಗಳೇ! ದೊರೆ ವೀರಕೇತರ ಮೂರು ಒಗಟುಗಳನ್ನು ಬಿಡಿಸಿದವರಿಗೆ ಅರಮನೆಯ ಜಾಲತಾಣದ ಯಜಮಾನಿಕೆ, ಜೊತೆಗೆ ಬೇಡಿದ್ದು. ತಪ್ಪಿದವರ ತಲೆ ಅಮಾವಾಸ್ಯೆಗೆ ಹಾರುತ್ತದೆ!”

ರಾಜರ ಕಾಲದಲ್ಲಿ ಜಾಲತಾಣ ಎಲ್ಲಿತ್ತು ಎಂದು ನನ್ನನ್ನು ಕೇಳಬೇಡಿ. ಜನರನ್ನು ಬಾಗಿಲ ಹೊರಗೆ ನಿಲ್ಲಿಸುವ ಉಪಾಯ ಎಲ್ಲ ಕಾಲದಲ್ಲೂ ಇತ್ತು. ಬೆಡಗೂರಿನ ಅರಮನೆ ಹೆಬ್ಬಾಗಿಲು ಮುಚ್ಚಿ, ಅಹವಾಲನ್ನೆಲ್ಲ ಮೊಬೈಲಿನಲ್ಲೇ ಹಾಕಿ ಎಂದಿತ್ತು. ತಾಣವನ್ನು ಕಟ್ಟಿದವನು ಆಸ್ಥಾನದ ಕಪನಯ್ಯ. ತೆರೆದ ಕೂಡಲೇ ಅದರಲ್ಲಿ ನವಿಲು ಕುಣಿಯುತ್ತಿತ್ತು. ಅದು ಕುಣಿದು ಮುಗಿಸುವ ಹೊತ್ತಿಗೆ ಬಡವರ ಒಲೆಯ ಮೇಲಿನ ಅನ್ನ ಸೀದು ಹೋಗುತ್ತಿತ್ತು. ಆ ನವಿಲಿನ ಕತ್ತು ಹಿಸುಕಬೇಕೆಂದು ನನಗೆ ಈಗಲೂ ಕೈ ತುರಿಸುತ್ತದೆ.

ನೇಕಾರರ ಓಣಿಯ ಚೌಡವ್ವ ಹೊಸ ಮಗ್ಗ ಬೇಕೆಂದು ಅದರಲ್ಲಿ ಅರ್ಜಿ ಹಾಕಿದಳು. ಎಂಟು ದಿನಕ್ಕೆ ಸೈನಿಕರು ಬಂದರು. ಮಗ್ಗದ ಕಡೆ ತಿರುಗಿಯೂ ನೋಡದೆ ಅವಳ ಒಬ್ಬನೇ ಮಗ ರಾಮಲಿಂಗನನ್ನು ಎಳೆದುಕೊಂಡು ಹೊರಟರು.

“ನನ್ನ ಮಗನ್ನ ಯಾಕ ಒಯ್ತೀರಿ?” ಎಂದು ಚೌಡವ್ವ ಅಡ್ಡ ನಿಂತಳು.

“ನೀನೇ ಬರೆದು ಕೊಟ್ಟಿದ್ದೀಯಲ್ಲ. ಹೊಸದು ಮುಂದಿನ ತಿಂಗಳು ಬರುತ್ತದೆ.”

ರಾಮಲಿಂಗನನ್ನು ಅರಮನೆಯ ಹಳೇ ಸಾಮಾನಿನ ಕೋಣೆಗೆ ನೂಕಿದರು. ಅಮಾವಾಸ್ಯೆಯ ದಿನ ಆ ಕೋಣೆಯಲ್ಲಿದ್ದುದನ್ನೆಲ್ಲ ಹಡಗಿಗೆ ತುಂಬಿ ಪರದೇಶಕ್ಕೆ ಕಳಿಸುವ ಪದ್ಧತಿ. ತಾಯಿ ಹೆಬ್ಬಾಗಿಲಿಗೆ ಹೋಗಿ ಅತ್ತಳು, ಬೈದಳು. ಕಾವಲುಗಾರ, “ಅಹವಾಲಿದ್ದರೆ ತಾಣದಲ್ಲಿ ಹಾಕು” ಎಂದ. ದೊರೆಯ ಮುಖ ಕಾಣಲು ಉಳಿದ ದಾರಿ ಒಗಟೊಂದೇ. ಚೌಡವ್ವ ಸೆರಗು ಬಿಗಿದು ಒಳಗೆ ಹೋದಳು.

ಸಭೆಯಲ್ಲಿ ಅವಳಿಗಿಂತ ಮೊದಲೇ ಮೂವರು ಪಂಡಿತರು ನಿಂತಿದ್ದರು. ಗೋಡೆಯಗಲದ ಪರದೆಯ ಮೇಲೆ ತಾಣ ಹೊಳೆಯುತ್ತಿತ್ತು.

ದೊರೆ ಕೇಳಿದ: “ಒಂದೇ ವಸ್ತ್ರ ಪೈಲ್ವಾನನಿಗೂ ಆಗಬೇಕು, ಹಸುಗೂಸಿಗೂ ಆಗಬೇಕು. ಕತ್ತರಿ, ಸೂಜಿ ಮುಟ್ಟಬಾರದು. ಯಾವುದು?”

ಮೊದಲ ಪಂಡಿತ, “ಮುನ್ನೂರು ಅಳತೆಯ ಮುನ್ನೂರು ಅಂಗಿ ಹೊಲಿಸೋಣ ಪ್ರಭೂ” ಎಂದ. ಅವನನ್ನು ಎಳೆದುಕೊಂಡು ಹೋದರು.

“ಸೀರಿ,” ಎಂದಳು ಚೌಡವ್ವ. “ದಪ್ಪ ಇದ್ದಾಕಿಗೆ ನಿರಿಗಿ ಕಡಿಮಿ, ಸಣ್ಣಾಕಿಗೆ ಹೆಚ್ಚು. ಪೈಲ್ವಾನ ಹೊದ್ದರ ಹೊದಿಕಿ, ಕೂಸಿಗೆ ಕಟ್ಟಿದರ ತೂಗೂ ಜೋಳಿಗಿ. ನಿಮ್ಮ ತಾಣ ಹೊಲಿದ ಅಂಗಿ, ದೊರಿ. ಈ ಗ್ವಾಡಿ ಮ್ಯಾಲ ಚಂದ. ನನ್ನ ಅಂಗೈ ಅಗಲದ ಮೊಬೈಲದಾಗ ಅರ್ಧ ಹೊರಗ ಬಿದ್ದಿರತೈತಿ. ಇದ್ದಷ್ಟು ಜಾಗಕ್ಕ ತಾನ ನಿರಿಗಿ ಹಿಡಿಯೂದು ಕಲಸ್ರಿ ಅದಕ್ಕ.”

ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ: “ಹತ್ತು ಬಾಗಿಲ ಮನೆ. ಕಣ್ಣಿದ್ದವನಿಗೆ ಹತ್ತೂ ತೆರೆದಿವೆ, ಕುರುಡನಿಗೆ ಒಂದೂ ಇಲ್ಲ. ಬೀಗ ಹಾಕಿದವರು ಯಾರು?”

“ವಿಧಿ,” ಎಂದು ಎರಡನೆಯ ಪಂಡಿತ ಕೈ ಮುಗಿದ. ಅವನೂ ಹೋದ.

ಚೌಡವ್ವನಿಗೆ ಮೈ ಉರಿಯಿತು. “ವಿಧಿ ಅಂತ! ಬೀಗ ಯಾರೂ ಹಾಕಿಲ್ಲ, ಬಾಗಲಕ್ಕ ಹೆಸರ ಇಟ್ಟಿಲ್ಲ, ಅಷ್ಟ. ನಮ್ಮ ಓಣಿ ಈರಪ್ಪಜ್ಜಗ ಕಣ್ಣಿಲ್ಲ. ಅವನ ಮೊಬೈಲ ಎಲ್ಲಾ ಓದಿ ಹೇಳತೈತಿ. ನಿಮ್ಮ ತಾಣ ತಗದರ ಮಾತ್ರ ‘ಗುಂಡಿ, ಗುಂಡಿ, ಗುಂಡಿ’ ಅಂತ ಹತ್ತು ಸಲ ಒದರತೈತಿ. ‘ಯವ್ವಾ ಚೌಡಿ, ಯಾವ ಗುಂಡಿಗೆ ಬೀಳಲಿ?’ ಅಂತಾನ ಅಜ್ಜ. ಗುಂಡಿ ಮ್ಯಾಲ ಬಣ್ಣದ ಚಿತ್ರ ಬರದೀರಿ. ಚಿತ್ರದ ಹಿಂದ ಒಂದು ಹೆಸರ ಬರಿಯಾಕ ಕೈ ನೋಯ್ತಿತ್ತೇನು?”

ಕಪನಯ್ಯ ಕಂಬದ ಮರೆಗೆ ಸರಿದ. ದೊರೆ ಸಿಂಹಾಸನದಿಂದ ಎದ್ದೇ ಬಿಟ್ಟ. ಅವನ ಸಿಟ್ಟೂ ಸಣ್ಣದಲ್ಲ.

“ಮೂರನೆಯದು. ಜನ ಸರಿಯಾಗಿಯೇ ಬರೆಯುತ್ತಾರೆ, ನನ್ನವರು ಸರಿಯಾಗಿಯೇ ಓದುತ್ತಾರೆ. ಆದರೂ ನಲ್ಲಿ ಕೇಳಿದ ಓಣಿಗೆ ನನ್ನವರು ನರ್ತಕಿಯರನ್ನು ಕಳಿಸಿದ್ದಾರೆ. ಊರೆಲ್ಲ ನನಗೆ ಶಾಪ ಹಾಕುತ್ತಿದೆ. ಬರೆದ ಕೈಗೂ ಓದುವ ಕಣ್ಣಿಗೂ ನಡುವೆ ಕೂತ ಕಳ್ಳ ಯಾರು?”

ಇದರ ಉತ್ತರ ಸ್ವತಃ ದೊರೆಗೇ ಗೊತ್ತಿರಲಿಲ್ಲ. ತನಗೆ ತಿಳಿಯದ್ದು ಬೇರೆಯವರಿಗೂ ತಿಳಿಯದಿದ್ದರೆ ತಲೆ ತೆಗೆಯುತ್ತಾನಂತೆ! ಇಂಥವರ ಕೈಯಲ್ಲೇ ರಾಜ್ಯ ಇರುತ್ತದೆ, ಏನು ಮಾಡುತ್ತೀರಿ.

“ಕಳ್ಳರು ಪ್ರಜೆಗಳೇ. ಅವರಿಗೆ ಬರೆಯಲು ಬರುವುದಿಲ್ಲ,” ಎಂದ ಮೂರನೆಯ ಪಂಡಿತ. ಆಸ್ಥಾನ ಚಪ್ಪಾಳೆ ತಟ್ಟಿತು. ದೊರೆ ಒಪ್ಪಲಿಲ್ಲ, ಅವನನ್ನೂ ಎಳೆದುಕೊಂಡು ಹೋದರು.

ಚೌಡವ್ವನಿಗೆ ಉತ್ತರ ಹೊಳೆಯಲಿಲ್ಲ. ತಾನು ಸೋತರೆ ರಾಮಲಿಂಗ ಹಡಗು ಹತ್ತುತ್ತಾನೆ. ಅವಳ ಕಣ್ಣು ಪರದೆಯ ಮೇಲಿನ ದೊಡ್ಡ ಗುಂಡಿಯ ಮೇಲೆ ಬಿತ್ತು. ‘ಇಲ್ಲಿ’ ಎಂದು ಇರಬೇಕಾದಲ್ಲಿ ‘ಇಲಿ’ ಎಂದಿತ್ತು.

“ನನ್ನ ಅರ್ಜಿ ತಗೀರಿ,” ಎಂದಳು.

ಪರದೆಯ ಮೇಲೆ ಬಂತು: ‘ಚೌಡವ. ಮಗ ಹಳೆಯದಾಗಿದೆ. ತೆಗೆದುಕೊಂಡು ಹೋಗಿ, ಹೊಸದು ಕೊಡಿ.’

ಅವಳು ತನ್ನ ಮೊಬೈಲನ್ನು ದೊರೆಯ ಮುಖಕ್ಕೆ ಹಿಡಿದಳು. ಕಳಿಸುವ ಮೊದಲು ಬರೆದಿಟ್ಟುಕೊಂಡದ್ದು ಅದರಲ್ಲಿತ್ತು: ‘ಚೌಡವ್ವ. ಮಗ್ಗ ಹಳೆಯದಾಗಿದೆ.’

“ಒತ್ತಕ್ಷರ ಕೊಯ್ದಾರ, ದೊರಿ! ನಿಮ್ಮ ತಾಣದ ಸಾಲು ಗಿಡ್ಡ, ಕೆಳಗ ಇಳದದ್ದನ್ನೆಲ್ಲಾ ಕೊಯ್ದು ಒಗದೈತಿ. ನಲ್ಲಿ ಹೋಗಿ ನಲಿ ಆತು. ನನ್ನ ಮಗ್ಗ ಹೋಗಿ ಮಗ ಆತು. ನಡುವ ಕುಂತ ಕಳ್ಳ ಈ ಸಾಲು!”

ಕಪನಯ್ಯ ತೊದಲಿದ: “ಪರದೇಶದ ಲಿಪಿಗೆ ಅಳೆದ ಸಾಲು, ಪ್ರಭೂ. ಅದಕ್ಕೆ ಒತ್ತಕ್ಷರವಿಲ್ಲ. ಕೆಳಗೆ ಜೋತುಬಿದ್ದದ್ದು ಚಂದ ಕಾಣಲಿಲ್ಲ, ಮರೆಮಾಡಿದೆ.”

“ಇಷ್ಟು ದಿನ ಓದಿದ ನೀವು?” ದೊರೆ ಗುಮಾಸ್ತರ ಕಡೆ ತಿರುಗಿ ಗರ್ಜಿಸಿದ.

“ಹೊಸ ಶೈಲಿ ಅಂದುಕೊಂಡೆವು, ಪ್ರಭೂ.”

“ಕಪನಯ್ಯನ ತಲೆ ಕತ್ತರಿಸಿ!”

“ಕತ್ತರಸೂದು ಸಾಕ್ ಮಾಡ್ರಿ ಇನ್ನ!” ಚೌಡವ್ವ ಕೂಗಿದಳು. “ಆ ಮೂರು ಮಂದಿ ತಲಿನೂ ಅವರ ಹೆಗಲ ಮ್ಯಾಲ ಇರಲಿ. ಸಾಲಿನ ಕೆಳಗ ಒಂದು ಬೆರಳ ಜಾಗ ಬಿಡ್ರಿ. ನವಿಲ ಹೊರಗ ಹಾಕ್ರಿ. ಹೆಬ್ಬಾಗಲಾ ತಗೀರಿ. ನನ್ನ ಮಗನ್ನ ಕರಸ್ರಿ.”

ಎಲ್ಲವೂ ಹಾಗೇ ಆಯಿತು. ತಾಣದ ಯಜಮಾನಿಕೆಯ ಮುದ್ರೆಯುಂಗುರವನ್ನು ದೊರೆಯೇ ಅವಳ ಬೆರಳಿಗೆ ತೊಡಿಸಿದ. ತಲೆತುಂಬ ಧೂಳು ಹೊತ್ತು ರಾಮಲಿಂಗ ಬಂದ. ಅವನ ಕೈ ಹಿಡಿದು ಹೊರಟ ಚೌಡವ್ವ ಹೊಸ್ತಿಲಲ್ಲಿ ನಿಂತು ಹಿಂದೆ ತಿರುಗಿದಳು.

“ದೊರಿ, ಮಗನ್ನ ನಾನ ಹಡದದ್ದು. ನಾ ನಿಮ್ಮನ್ನ ಕೇಳಿದ್ದು ಮಗ್ಗ. ಅದು ಎಲ್ಲೈತಿ?”