ಹಸಿದ ಕೌದಿ ಮತ್ತು ಸಾತವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದು ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಒಂದು ಊರಿತ್ತಂತೆ. ಹಳ್ಳಿಯಲ್ಲ, ಪೇಟೆ. ಸುತ್ತ ಮಣ್ಣಿನ ಗೋಡೆ, ಗೋಡೆಗೊಂದು ದೊಡ್ಡ ಬಾಗಿಲು. ಆ ಬಾಗಿಲಿಗೆ ಅಗಸಿ ಅಂತಾರೆ, ಅದರಿಂದಲೇ ಊರಿಗೆ ಹಿರೇಅಗಸಿ ಅಂತ ಹೆಸರು. ಒಳಗೆ ನೇಕಾರರ ಓಣಿ, ಪತ್ತಾರರ ಓಣಿ, ಗಾಣಿಗರ ಓಣಿ, ಕುಂಬಾರರ ಓಣಿ, ಹೀಗೆ ಓಣಿಗೆ ಓಣಿ ಅಂಟಿಕೊಂಡಿತ್ತು. ಒಂದು ಓಣಿಯ ಕೆಮ್ಮು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ, ಒಂದು ಓಣಿಯ ನೀರನ್ನು ಇನ್ನೊಂದು ಮುಟ್ಟದಷ್ಟು ದೂರ. ಪ್ರತಿ ಓಣಿಗೂ ತನಗಿಂತ ಕೆಳಗಿನದೊಂದು ಓಣಿ ಇತ್ತಂತೆ. ಎಲ್ಲಕ್ಕಿಂತ ಕೆಳಗಿನ ಓಣಿಯವರು ಏನು ಮಾಡುತ್ತಿದ್ದರೋ ತಿಳಿಯದು, ಈ ಕಥೆ ಹೇಳಿದವರು ಯಾರೂ ಆ ಓಣಿಯವರಲ್ಲ.

ಆ ಪೇಟೆಯಲ್ಲಿ ಸಾತವ್ವ ಅಂತ ಒಬ್ಬಳಿದ್ದಳು. ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ, ಸತ್ತವರ ಅಂಗಿ, ಹುಟ್ಟಿದವರ ಕುಲಾವಿ, ಎಲ್ಲದರ ಚೂರುಗಳನ್ನು ಪದರದ ಮೇಲೆ ಪದರವಿಟ್ಟು ಹೊಲಿದು ಹೊದಿಕೆ ಮಾಡುತ್ತಿದ್ದಳು. ಅವಳು ಹೊಲಿದ ಕೌದಿ ಹೊದ್ದರೆ ತೀರಿಹೋದ ಅಜ್ಜಿ ಬೆನ್ನಿಗೆ ಬಂದು ಮಲಗಿದ ಹಾಗಿರುತ್ತಿತ್ತು ಅಂತಾರೆ. ಗಂಡ ಸತ್ತಿದ್ದ. ಇದ್ದವಳು ಒಬ್ಬಳೇ ಮಗಳು, ಹೊಳೆವ್ವ. ಅದೇ ಪೇಟೆಗೆ ಮದುವೆ ಮಾಡಿಕೊಟ್ಟಿದ್ದಳು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬಂದಿದ್ದ ಹೊತ್ತಿನಲ್ಲೇ ಊರಿಗೆ ಆ ಕೇಡು ಬಂತಂತೆ.

ಮೊದಲು ಬಂದದ್ದು ಮೌನಪ್ಪ ಪತ್ತಾರನಿಗೆ. ಮೂಗುತಿಗೆ ಹರಳು ಕೂರಿಸುತ್ತಿದ್ದ. ಮಗ ಊಟಕ್ಕೆ ಕರೆಯಲು ಬಂದ. ಮೌನಪ್ಪ ತಲೆಯೆತ್ತಿ ನೋಡಿ, "ಬರ್ರಿ, ಕೂಡ್ರಿ. ಏನ್ ಮಾಡಸ್ಬೇಕಿತ್ರಿ?" ಅಂದ. ಅಪ್ಪ ಚೇಷ್ಟೆ ಮಾಡುತ್ತಿದ್ದಾನೆಂದು ಮಗ ನಕ್ಕ. ಮೌನಪ್ಪ ನಗಲಿಲ್ಲ. ಗಿರಾಕಿಯನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡುತ್ತಲೇ ಇದ್ದ. ಆ ಮರ್ಯಾದೆ ಕಂಡು ಮಗ ಅವ್ವನನ್ನು ಕೂಗುತ್ತಾ ಒಳಗೆ ಓಡಿದನಂತೆ.

ಆಮೇಲೆ ಗಾಣಿಗರ ಓಣಿಯ ಒಬ್ಬಳು ಗಂಡನನ್ನು ಪರಪುರುಷ ಅಂತ ಮನೆಯಿಂದ ಆಚೆ ನಿಲ್ಲಿಸಿದಳು. ಕುಂಬಾರರ ಮುದುಕಿ ತನ್ನ ಮೊಮ್ಮಕ್ಕಳನ್ನು ಕಂಡು, ಎಷ್ಟು ಚಂದದ ಮಕ್ಕಳು, ಇವರ ಮನೆಯವರು ಇವರನ್ನು ಯಾಕೆ ಹೀಗೆ ಬಿಟ್ಟಿದ್ದಾರೆ ಎಂದು ಕೇಳಿದಳು. ವಿಚಿತ್ರ ಅಂದರೆ ಕಲಿತ ಕೆಲಸ ಯಾರಿಗೂ ಮರೆತಿರಲಿಲ್ಲ. ಮುದುಕಿ ಮಡಕೆ ತಟ್ಟುತ್ತಿದ್ದಳು, ಪತ್ತಾರ ಬಂಗಾರ ಕಾಯಿಸುತ್ತಿದ್ದ. ಮರೆತದ್ದು ತಮ್ಮವರನ್ನು ಮಾತ್ರ. ತಮ್ಮ ಓಣಿ ಯಾವುದು, ತಾವು ಯಾರ ಪೈಕಿ ಅನ್ನುವುದೂ ಅದರ ಜೊತೆಗೇ ಹೋಗಿತ್ತು.

ಊರಿಗೆ ಕೇಡು ಬಂದರೆ ಊರವರು ಮೊದಲು ಹುಡುಕುವುದು ಹೊರಗಿನವನನ್ನು. ಆಗ ಅಗಸಿಯ ಹತ್ತಿರ ಒಬ್ಬ ಗಿಳಿಶಾಸ್ತ್ರದ ಮುದುಕ ಬಂದು ಕೂತಿದ್ದ. ಅವನೇ ಮಾಟ ಮಾಡಿದ್ದಾನೆಂದು ಹಿಡಿದು ಕಾವಲಿನ ಕೋಣೆಯಲ್ಲಿ ಕೂಡಿಹಾಕಿದರು. ಗಿಳಿಯನ್ನೂ ಕೂಡಿಹಾಕಿದರಂತೆ, ಅದು ಮೊದಲೇ ಪಂಜರದಲ್ಲಿದ್ದರೂ. ಮರೆವು ನಿಲ್ಲಲಿಲ್ಲ. ಈ ಓಣಿಯಿಂದ ಆ ಓಣಿಗೆ, ಈ ಮನೆಯಿಂದ ಆ ಮನೆಗೆ ನಡೆದುಕೊಂಡು ಹೋದ ಹಾಗೆ ಹೋಗುತ್ತಲೇ ಇತ್ತು. ಜನ ಒಬ್ಬರ ಮುಖ ಒಬ್ಬರು ನೋಡಲು ಹೆದರಿದರು. ಬೆಳಗಾದರೆ ಹೆಂಡತಿ ಗಂಡನ ಕಣ್ಣು ನೋಡುವಳು, ಈ ಕಣ್ಣಿನಲ್ಲಿ ನಾನಿದ್ದೇನೋ ಇಲ್ಲವೋ ಅಂತ.

ಅಂಥ ದಿನಗಳಲ್ಲಿ ಹೊಳೆವ್ವ ಗಂಡು ಹೆತ್ತಳು. ಸಾತವ್ವ ಎರೆದಳು, ಅಗ್ಗಿಷ್ಟಿಕೆಗೆ ಮೈ ಕಾಯಿಸಿದಳು, ಹೊದಿಸಿ ಮಲಗಿಸಿದಳು. ಮಗಳು ಎದ್ದಾಗ ಕೂಸು ಅಳುತ್ತಿತ್ತು. ಹೊಳೆವ್ವ ಅತ್ತ ಹೊರಳಿ ನೋಡಿ ಹೇಳಿದಳಂತೆ:

"ಯಾರದವಾ ಈ ಕೂಸು? ಹಸದು ಅಳಾಕತ್ತೈತಿ. ಇದರ ಅವ್ವನ್ನ ಕರೀರಿ."

ಅವಳ ಎದೆಯಿಂದ ಹಾಲು ಜಿನುಗಿ ಕುಪ್ಪಸ ನೆನೆದಿತ್ತು. ತಾಯಿಯ ಮುಖ ನೋಡಿ, "ನೀವು ಇವರ ಮನ್ಯಾಗ ಕೆಲಸಕ್ಕಿದ್ದೀರೇನ್ರಿ?" ಅಂದಳು. ಪರರ ಕೂಸಿಗೆ ಹಾಲು ಕೊಟ್ಟರೆ ಅದರ ತಾಯಿಗೆ ಬೇಜಾರಾದೀತು ಎಂದು ಕೂಸನ್ನು ಮುಟ್ಟಲೊಲ್ಲಳು. ಪಕ್ಕದ ಮನೆಯ, ವರ್ಷದ ಕೂಸಿದ್ದ ತಾಯಿಯ ಎದೆಗೆ ಹಚ್ಚಿದರೆ ಕೂಸು ಮುಖ ತಿರುಗಿಸಿತು. ಆಡಿನ ಹಾಲು ಬಟ್ಟೆಯಲ್ಲಿ ಅದ್ದಿ ಬಾಯಿಗಿಟ್ಟರೆ ಕಕ್ಕಿತು. ಅಳು ಸಣ್ಣಗಾಗುತ್ತಾ ಬಂತು. ಸಾತವ್ವನಿಗೆ ಅಳುವಿಗಿಂತ ಅಳು ಸಣ್ಣಗಾಗುವುದೇ ಹೆಚ್ಚು ಭಯ ಹುಟ್ಟಿಸಿತು.

ಅವಳು ಸೆರಗು ಸಿಕ್ಕಿಸಿ ಎದ್ದಳು. ಮರೆತವರ ಮನೆಮನೆಗೂ ಹೋದಳು. ಏನು ಉಂಡಿದ್ದರು, ಯಾವ ಬಾವಿಯ ನೀರು, ಎಲ್ಲಿಗೆ ಹೋಗಿದ್ದರು ಎಂದು ಕೇಳಿದಳು. ಒಬ್ಬರದು ಒಬ್ಬರಿಗೆ ಹೊಂದಲಿಲ್ಲ. ಓಣಿ ಬೇರೆ, ನೀರು ಬೇರೆ, ಊಟವಂತೂ ಬೇರೆಯೇ. ಕೊನೆಗೆ ಕುಂಬಾರರ ಮನೆಯ ಸೊಸೆ ಕಣ್ಣೊರೆಸಿಕೊಂಡು, ಅತ್ತೆಗೆ ಚಳಿಜ್ವರ ಬಂದಿತ್ತು, ಈಗಷ್ಟೇ ಬಿಟ್ಟಿತ್ತು, ಬಿಟ್ಟಿತಲ್ಲ ಎಂದು ಖುಷಿಪಡುವಷ್ಟರಲ್ಲಿ ಹೀಗಾಯಿತು ಅಂದಳು. ಪತ್ತಾರನಿಗೂ ಜ್ವರ ಬಂದಿತ್ತು. ಗಾಣಿಗರವಳು ಬಸಿರು ಇಳಿದು ಮಲಗಿದ್ದಳು. ಇವಳ ಮಗಳು ಹೆತ್ತು ಮಲಗಿದ್ದಳು. ಎಲ್ಲರೂ ಹಾಸಿಗೆ ಹಿಡಿದವರೇ. ಆ ಊರಿನಲ್ಲಿ ಹಾಸಿಗೆ ಹಿಡಿದವರಿಗೆ ಹೊದಿಸುತ್ತಿದ್ದದ್ದು ಒಂದೇ ಕೌದಿ.

ಅದಕ್ಕೆ ಹಿರೇಕೌದಿ ಅಂತಿದ್ದರು. ಸಾತವ್ವ ಹೊಸ ಸೊಸೆಯಾಗಿದ್ದಾಗ ಊರಿಗೆ ದೊಡ್ಡ ಜ್ವರ ಬಂದಿತ್ತಂತೆ. ಆಗ ಹಿರಿಯರು ಹರಕೆ ಹೊತ್ತು, ಮನೆಗೊಂದು ಚೂರು ಬಟ್ಟೆ ಎತ್ತಿಸಿ, ಸಾತವ್ವನ ಅತ್ತೆಯ ಕೈಯಿಂದ ಹೊಲಿಸಿದ ಕೌದಿ ಅದು. ಅಗಸಿಯ ಅಟ್ಟದಲ್ಲಿರುತ್ತಿತ್ತು. ಯಾರಿಗೆ ಕಾಯಿಲೆಯೋ, ಯಾರು ಬಾಣಂತಿಯೋ ಅವರ ಮನೆಗೆ ಹೋಗುತ್ತಿತ್ತು. ಮಗಳಿಗೆ ಅದನ್ನು ತಾನೇ ತಂದು, ತಾನೇ ಹೊದಿಸಿದ್ದು ನೆನಪಾಗಿ ಸಾತವ್ವ ನಡುಬೀದಿಯಲ್ಲಿ ಓಡಿದಳು ಅಂತಾರೆ.

ಮಗಳ ಮೈಮೇಲಿಂದ ಕೌದಿ ಎಳೆದರೆ ಬರಲಿಲ್ಲ. ಒಣಗಿದ ಕೌದಿ ಒದ್ದೆ ಕಂಬಳಿಯಷ್ಟು ಭಾರವಾಗಿತ್ತು. ಕಾಲು ಗೋಡೆಗೆ ಒದ್ದುಕೊಂಡು ಎಳೆದು, ಹೊರಗೆ ಕಟ್ಟೆಯ ಬಿಸಿಲಿಗೆ ಹಾಕಿದಳು. ಬಿಸಿಲಿನಲ್ಲಿ ಅದು ಮೆಲ್ಲಗೆ ಏರುತ್ತಾ ಇಳಿಯುತ್ತಾ ಇತ್ತಂತೆ, ಉಂಡು ಮಲಗಿದವರ ಹೊಟ್ಟೆಯ ಹಾಗೆ. ಸಾತವ್ವ ಬಗ್ಗಿ ಕಿವಿಯಿಟ್ಟಳು. ಒಳಗೆ ಸಂತೆಯಷ್ಟು ಮಾತು. ಪತ್ತಾರ ಮಗನನ್ನು ಗದರಿಸುತ್ತಿದ್ದ, ಮುದುಕಿ ಜೋಗುಳ ಹಾಡುತ್ತಿದ್ದಳು. ಎಲ್ಲದರ ಅಡಿಯಲ್ಲಿ ಒಂದು ಸಣ್ಣ ದನಿ, ಆಡುವಾಗ ಜಾರಿಬಿದ್ದ ಸಣ್ಣ ಹುಡುಗಿಯ ಹಾಗೆ, ಯವ್ವಾ ಯವ್ವಾ ಎಂದು ಕರೆಯುತ್ತಿತ್ತು. ಅದು ಹೊಳೆವ್ವನ ದನಿ.

ಸುದ್ದಿ ಹಬ್ಬಿ ಜನ ಕೊಳ್ಳಿ ಹಿಡಿದು ಬಂದರು. ಸುಟ್ಟುಬಿಡೋಣ ಅಂದರು. ಸಾತವ್ವ ಹೋಗಿ ಕೌದಿಯ ನಟ್ಟನಡುವೆ ಕೂತಳು.

"ಸುಡ್ರಿ. ನಿಮ್ಮವರೆಲ್ಲ ಒಳಗದಾರ. ಕಿವಿಗೊಟ್ಟು ಕೇಳಿ ಆಮ್ಯಾಲೆ ಸುಡ್ರಿ," ಅಂದಳು.

ಮೌನಪ್ಪನ ಮಗ ಕಿವಿಗೊಟ್ಟ. ಕೊಳ್ಳಿಯನ್ನು ಮಣ್ಣಿಗೆ ತಿಕ್ಕಿ ಆರಿಸಿದ.

ಆಗ ಸಾತವ್ವ ಕೌದಿಯ ಅಂಚನ್ನು ಬೆರಳಿನಿಂದ ಸವರುತ್ತಾ ಹೋದಳು. ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿಯುಂಟು. ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಅಂತಾರೆ. ಹೊಟ್ಟೆ ತುಂಬದ ಕೌದಿಯನ್ನು ಯಾರಿಗೂ ಹೊದಿಸಬಾರದು. ಎಷ್ಟು ಹಳೆಯ ಕೌದಿಯಾದರೂ ಆ ಮೂಲೆಯಲ್ಲಿ ಬೆರಳಿಗೆ ಒಂದು ಗಂಟು ಸಿಗುತ್ತದೆ. ಹಿರೇಕೌದಿಯ ಮೂಲೆಯಲ್ಲಿ ಗಂಟಿರಲಿಲ್ಲ. ಮೂಲೆ ಚಪ್ಪಟೆಯಾಗಿತ್ತು.

ಅದನ್ನು ಹೊಲಿಸಿದ ಹಿರಿಯರಲ್ಲಿ ಉಳಿದವರು ಕಾಡಪ್ಪ ಶೆಟ್ಟರೊಬ್ಬರೇ. ಸಾತವ್ವ ಅವರ ಜಗಲಿಗೆ ಹೋಗಿ ಕೇಳಿದಳು. ಶೆಟ್ಟರು ಮೊದಲು ಕೆಮ್ಮಿದರು, ಆಮೇಲೆ ಎಲೆಯಡಿಕೆ ಹಾಕಿಕೊಂಡರು, ಆಮೇಲೆ ಹೇಳಿದರಂತೆ. ಬಟ್ಟೆ ಎಲ್ಲ ಓಣಿಯದೂ ಬಂತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಹೋಳಿಗೆ ಯಾರ ಮನೆಯದು ಅನ್ನುವಾಗ ಜಗಳ ಹತ್ತಿತು. ಅವರ ಒಲೆಯ ಮೇಲೆ ಬೆಂದದ್ದನ್ನು ನಾವು ಮೈಮೇಲೆ ಹೊದೆಯುವುದೇ ಎಂದು ಇವರು, ಇವರದನ್ನು ನಾವೇ ಎಂದು ಅವರು. ಜ್ವರಕ್ಕೆ ಜನ ಸಾಯುತ್ತಲೇ ಇದ್ದರು, ಜಗಳ ಮುಗಿಯಲಿಲ್ಲ. ಕೊನೆಗೆ ಯಾರದೂ ಬೇಡ, ಖಾಲಿಯೇ ಹೊಲಿದುಬಿಡು, ತುಂಬಿದ್ದೇವೆ ಅಂತ ಹೇಳಿದರಾಯಿತು ಎಂದು ತೀರ್ಮಾನವಾಯಿತು.

"ಯಾರಿಗೂ ನೋವಾಗದಂಗ ಮಾಡಿದ್ವಿ ನೋಡವಾ," ಅಂದರು ಶೆಟ್ಟರು.

"ಕೌದಿಗೆ ಕೇಳಿದ್ರೇನ್ರಿ ಯಪ್ಪಾ?" ಅಂದಳು ಸಾತವ್ವ.

ಅಷ್ಟು ವರ್ಷ ಅದು ಹಸಿದು ಕಾದಿತ್ತು. ಕಾದು ಕಾದು, ಕೊನೆಗೆ ತನ್ನಡಿಯಲ್ಲಿ ಮಲಗಿದವರನ್ನೇ ಉಣ್ಣಲು ಕಲಿತಿತ್ತು.

ಸಾತವ್ವ ತನ್ನ ಮನೆಯಲ್ಲೇ ಹೋಳಿಗೆ ಮಾಡಿ, ಮೂಲೆ ಬಿಚ್ಚಿ, ಒಳಗಿಟ್ಟು ಹೊಲಿದಳು. ಎಲೆ ಮಡಚುವಷ್ಟು ಹೊತ್ತೂ ಆಗಿರಲಿಲ್ಲ, ಹೋಳಿಗೆ ಹೊರಗೆ ಬಿದ್ದಿತ್ತು. ಹೊಲಿಗೆ ಹಾಗೇ ಇತ್ತು. ಎಲ್ಲ ಓಣಿಯ ಬಟ್ಟೆ ಉಟ್ಟ ಹೊಟ್ಟೆಗೆ ಒಂದು ಓಣಿಯ ತುತ್ತು ಸಾಲದೆಂದು ಅವಳಿಗೆ ತಿಳಿಯಿತು. ಓಣಿಓಣಿಗೂ ಹೋಗಿ ಬೇಡಿದಳು. ಎಲ್ಲರ ಮನೆಯದೂ ಸೇರಿಸಿ ಒಂದು ಕಣಕ ನಾದೋಣ, ಒಂದು ಹೋಳಿಗೆ ಮಾಡೋಣ ಅಂದಳು. ಹಿಟ್ಟು ಬೇಕಾದರೆ ಒಯ್ಯಿ, ಬೆಲ್ಲ ಬೇಕಾದರೆ ಒಯ್ಯಿ ಅಂದರು. ಹಸಿ ಪದಾರ್ಥ ಕೊಡಲು ಯಾರದೂ ತಕರಾರಿಲ್ಲ. ಆದರೆ ಯಾರು ನಾದುವುದು, ಯಾರ ಒಲೆ? ಅಲ್ಲಿಗೆ ಬಂದು ಎಲ್ಲರ ಬಾಯಿ ಬಿಗಿಯಿತು. ಮನೆಯೊಳಗೆ ಹೆತ್ತ ತಾಯಿ ತಮ್ಮನ್ನು ಯಾರೆಂದು ಕೇಳುತ್ತಿದ್ದಾಳೆ, ಆದರೂ ಬಾಯಿ ಬಿಗಿಯಿತು.

ಸಾತವ್ವ ಮನೆಗೆ ಬಂದಾಗ ಕೂಸು ಅಳುವುದನ್ನು ಬಿಟ್ಟಿತ್ತು. ಬಾಯಿ ಮಾತ್ರ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಹೊಳೆವ್ವ ಮೂಲೆಯಲ್ಲಿ ಕೂತು ಅದನ್ನೇ ನೋಡುತ್ತಾ, ಪಾಪ, ಯಾರದೋ ಏನೋ ಎಂದು ಕಣ್ಣೀರು ಹಾಕುತ್ತಿದ್ದಳು.

ಆ ಕಣ್ಣೀರು ಕಂಡಾಗ ಸಾತವ್ವನಿಗೆ ಹೊಳೆಯಿತಂತೆ. ಮರೆತವರಿಗೆ ಓಣಿಯೂ ಮರೆತಿದೆಯಲ್ಲ!

ಅವಳು ಮರೆತವರನ್ನೆಲ್ಲ ಕೈಹಿಡಿದು ಕರೆತಂದಳು. ಅಗಸಿಯ ಮುಂದಿನ ಬಯಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಗಾಣಿಗರವಳು ಎಣ್ಣೆ ಬಿಟ್ಟು ಕಣಕ ನಾದಿದಳು, ಪತ್ತಾರ ಬೆಂಕಿ ಊದಿದ, ಮುದುಕಿ ಹೂರಣ ಅರೆದಳು, ಹೊಳೆವ್ವ ತಟ್ಟಿದಳು. ಹಿಟ್ಟು ಎಲ್ಲ ಓಣಿಯದು, ಎಲ್ಲಕ್ಕಿಂತ ಕೆಳಗಿನ ಓಣಿಯದೂ ಇತ್ತು. ಒಬ್ಬರ ಕೈ ಒಬ್ಬರಿಗೆ ತಾಕಿದರೂ ಯಾರೂ ಸರಿಯಲಿಲ್ಲ. ನಿಮ್ಮ ಕೈ ಹದ ಚಲೋ ಐತ್ರಿ ಎಂದು ಒಬ್ಬರನ್ನೊಬ್ಬರು ಹೊಗಳಿದರು. ನೆನಪಿದ್ದವರು ದೂರದಲ್ಲಿ ಮೂಗಿನ ಮೇಲೆ ಬಟ್ಟೆ ಹಿಡಿದು ನಿಂತು ನೋಡಿದರು. ತಡೆಯಲು ಹತ್ತಿರ ಬರಬೇಕು, ಹತ್ತಿರ ಬಂದರೆ ಮೈಲಿಗೆ. ಹಾಗಾಗಿ ಯಾರೂ ತಡೆಯಲಿಲ್ಲ.

ಸಾತವ್ವ ಬಿಸಿ ಹೋಳಿಗೆ ಹಿಡಿದು ಮೂಲೆ ಬಿಚ್ಚಿ ಕೈಯನ್ನು ಒಳಗೆ ಹಾಕಿದಳು. ಒಳಗೆ ಬೆಚ್ಚಗಿತ್ತು, ಒದ್ದೆಯಾಗಿತ್ತು. ಹೋಳಿಗೆಯ ಜೊತೆಗೆ ಕೈಯನ್ನೂ ಅದು ಹಿಡಿದುಕೊಂಡಿತು. ಹೊರಗೆ ಒಬ್ಬೊಬ್ಬರೇ ಬೆಚ್ಚಿಬಿದ್ದ ಹಾಗೆ ಎದ್ದು ತಮ್ಮವರ ಹೆಸರು ಕೂಗತೊಡಗಿದರು. ಮೌನಪ್ಪ ಮಗನ ಕಡೆ ಓಡಿದ. ಆದರೆ ಹೊರಗೆ ಒಬ್ಬರು ಬಂದಂತೆಲ್ಲ ಸಾತವ್ವನ ಒಳಗಿನಿಂದ ಒಬ್ಬರು ಹೋಗುತ್ತಿದ್ದರು. ಅತ್ತೆಯ ಮುಖ ಹೋಯಿತು. ಗಂಡನ ದನಿ ಹೋಯಿತು. ಹಿಡಿತ ಬಿಡಿಸಿಕೊಂಡು ಕೈ ಹೊರಗೆಳೆದಳು. ಕಾದಿದ್ದರೆ, ಉಂಡು ತಣಿದ ಕೌದಿ ಅವಳದನ್ನೂ ಹಿಂದಕ್ಕೆ ಕೊಡುತ್ತಿತ್ತೋ ಏನೋ. ಮೂಲೆ ಬಾಯಿ ತೆರೆದೇ ಇತ್ತು, ಕಾದರೆ ಹೋಳಿಗೆ ಮತ್ತೆ ಉಗುಳುತ್ತಿತ್ತೋ ಏನೋ. ಅವಳು ಹಿಂದಿರುಗಿ ನೋಡಿದಳು. ಮಗಳು ಕೂಸನ್ನು ಬಾಚಿ ಎದೆಗೊತ್ತಿಕೊಳ್ಳುತ್ತಿದ್ದಳು. ಸಾತವ್ವ ಸೂಜಿ ತೆಗೆದು ಮೂಲೆ ಹೊಲಿದಳು. ಹಲ್ಲಿನಿಂದ ದಾರ ಕಡಿದು ತಲೆಯೆತ್ತಿದಾಗ, ಅಲ್ಲಿ ಹಾಲು ಕುಡಿಸುತ್ತಿದ್ದವಳು ಯಾರೋ ಒಬ್ಬ ಬಾಣಂತಿ.

"ಚಂದ ಕೂಸವಾ," ಅಂದಳಂತೆ ಸಾತವ್ವ. "ಯಾರ ಮನೀದು?"

ನೆನಪು ಬಂದವರು ಮೊದಲು ಅತ್ತರು, ಆಮೇಲೆ ಯಾರ ಜೊತೆ ಕೂತು ಏನು ಮಾಡಿದೆವೆಂದು ತಿಳಿದು ತಲೆಗೆ ನೀರು ಹಾಕಿಕೊಳ್ಳಲು ಹೋದರು. ಗಿಳಿಶಾಸ್ತ್ರದವನನ್ನು ಬಿಟ್ಟುಬಿಟ್ಟರು. ಅವನು ಹೇಳದೆ ಕೇಳದೆ ಹೋದ. ಹೊಳೆವ್ವ ಮಾತ್ರ ಅಗಸಿಯ ಅಟ್ಟ ಹತ್ತಿ, ಆ ಮೂಲೆಗೆ ಕಿವಿಯಿಟ್ಟು ಕೂತಳು. ಒಳಗೆ ಈಗ ಒಂದೇ ದನಿ. ಅವ್ವ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ದಾರ ಕತ್ತರಿಸಲು ಕೈಯಲ್ಲಿ ಕುಡುಗೋಲು ಇತ್ತಂತೆ. ಕತ್ತರಿಸಿದರೆ ಅವ್ವ ಬಂದಾಳು, ಆದರೆ ಆ ಹಸಿವೂ ಮತ್ತೆ ಬಾಯಿ ತೆರೆದೀತು. ಕೆಳಗೆ ಕೂಸು ಅತ್ತಿತು. ಅವಳು ಇಳಿದು ಬಂದಳು.

ಸಾತವ್ವ ಆಮೇಲೂ ಬಹಳ ವರ್ಷ ಬದುಕಿದಳು ಅಂತಾರೆ. ಕೌದಿ ಹೊಲಿಯುತ್ತಿದ್ದಳು, ಮೊದಲಿಗಿಂತ ಚೆನ್ನಾಗಿ. ದಿನಾ ಬೆಳಗ್ಗೆ ಹೊಳೆವ್ವ ಅವಳ ಹೊಸ್ತಿಲ ಮುಂದೆ ನಿಂತು, "ನಾನು ಹೊಳೆವ್ವ. ನಿನ್ನ ಮಗಳು. ಬಂದೀನಿ," ಅನ್ನುವಳು. ಸಾತವ್ವ ಸೂಜಿಯಿಂದ ಕಣ್ಣೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೌದೇನವಾ? ಹಂಗಾರ ಒಳಗ ಬಾ, ಬಿಸಲಾಗ ನಿಂದ್ರಬ್ಯಾಡ," ಅನ್ನುವಳು. ಒಂದು ದಿನವೂ ಇಲ್ಲ ಅನ್ನಲಿಲ್ಲವಂತೆ. ಒಂದು ದಿನವೂ ಗುರುತು ಹಿಡಿಯಲೂ ಇಲ್ಲ.

ಈಗಲೂ ಆ ಪೇಟೆಯಲ್ಲಿ ಯಾರೂ ಹೆತ್ತವಳ ಮನೆಗೆ ಸುಮ್ಮನೆ ನುಗ್ಗುವುದಿಲ್ಲ. ಹೊಸ್ತಿಲಲ್ಲಿ ನಿಂತು ತನ್ನ ಹೆಸರು, ತಾನು ಯಾರ ಮಗ, ಯಾರ ಮಗಳು ಎಂದು ಹೇಳುತ್ತಾರೆ. ಒಳಗಿನಿಂದ ಬಾ ಅನ್ನುವವರೆಗೆ ಕಾಲು ಎತ್ತಿಡುವುದಿಲ್ಲ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಮೊದಲು ನಗುತ್ತಾರೆ, ಇದೆಂಥ ನಾಟಕ ಅಂತ. ಆಮೇಲೆ ಎಂದೋ ಒಂದು ದಿನ ಒಳಗಿನ ಮುದುಕಿ ಬಾ ಅನ್ನಲು ಸ್ವಲ್ಪ ತಡ ಮಾಡುತ್ತಾಳೆ. ಆ ತಡದಲ್ಲಿ ಹೊಸ್ತಿಲ ಮೇಲೆ ನಿಂತವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದು ನಿಂತವರಿಗೇ ಗೊತ್ತು.