ಬಿಸಿಲಿಗೆ ಮೊದಲು ದಾಟಿದವರು

"ಗುರುಗಳೇ, ಕೇಡಿಗೆ ಸಿಕ್ಕವನು ನಿಯಮ ತಪ್ಪಿದ್ದಾನೆಂದೇ ತಿಳಿಯಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

"ಕುಳಿತುಕೋ. ನಡುವೆ ಮಾತಾಡಬೇಡ," ಎಂದು ಗುರುಗಳು ಕತೆ ಆರಂಭಿಸಿದರು.

ಹಿಮದ ಬೆಟ್ಟವೊಂದರ ಕೆಳಗೆ ಕುರಿಗಾಹಿಗಳ ಊರಿತ್ತು. ಬೇಸಿಗೆಯ ಹುಲ್ಲುಗಾವಲು ಬೆಟ್ಟದ ಆಚೆಗಿತ್ತು. ಅಲ್ಲಿಗೆ ಹೋಗಲು ಕಲ್ಲಿನ ಕಡಿದಾದ ಇಳಿಜಾರೊಂದನ್ನು ಅಡ್ಡಲಾಗಿ ದಾಟಬೇಕು. ಬೇರೆ ದಾರಿಯಿಲ್ಲ. ಮೇಲಿನ ಬಂಡೆಗಳ ಬಿರುಕುಗಳಲ್ಲಿದ್ದ ಮಂಜುಗಡ್ಡೆಯೇ ಅವುಗಳನ್ನು ಹಿಡಿದಿಟ್ಟಿತ್ತು. ಬಿಸಿಲು ತಾಗಿದರೆ ಮೇಲ್ಪದರ ಸಡಿಲಗೊಂಡು ಕಲ್ಲು ಉರುಳುತ್ತಿತ್ತು; ಇರುಳ ಚಳಿಗೆ ಮತ್ತೆ ಬಿಗಿಯುತ್ತಿತ್ತು. ಆದ್ದರಿಂದ ಬಿಸಿಲು ಬೀಳುವ ಮೊದಲು ದಾಟಬೇಕೆಂದು ಹಿಂದಿನವರು ನಿಯಮ ಮಾಡಿದ್ದರು. ನಿಯಮ ಸರಿಯಾಗಿತ್ತು. ತಲೆಮಾರುಗಳ ಕಾಲ ಅದು ಜನರನ್ನು ಕಾಪಾಡಿತು.

ಒಂದು ವರ್ಷ ಒಬ್ಬ ಕುರಿಗಾಹಿ ಹೆಂಡತಿಯೊಡನೆ ಹೊರಟ. ಅವನು ಮುಂದೆ, ಕುರಿಗಳು ನಡುವೆ, ಅವಳು ಹಿಂದೆ. ನಕ್ಷತ್ರಗಳು ಇನ್ನೂ ಕಾಣುತ್ತಿದ್ದವು. ಮೇಲಿನಿಂದ ಬಂಡೆ ಕಳಚಿ ಬಂತು. ಅವನು ಸತ್ತ.

ಶವವನ್ನು ಊರಿಗೆ ತಂದಾಗ ಊರಿನ ಹಿರಿಯ ಅವಳನ್ನು ಕೇಳಿದ: "ಯಾವಾಗ ಹೊರಟಿರಿ?"

"ಇನ್ನೂ ಕತ್ತಲಿತ್ತು, ಅಜ್ಜಾ."

"ಕತ್ತಲಲ್ಲಿ ಕಲ್ಲು ಬೀಳುವುದಿಲ್ಲ, ತಾಯಿ. ರೊಟ್ಟಿ ಬಡಿಯುತ್ತ ಕೂತು ಗಂಡನನ್ನು ತಡಮಾಡಿಸಿದ್ದೀಯೆ."

"ಇಲ್ಲ, ಅಜ್ಜಾ. ಹೊರಡುವಾಗ ಹೊರಗಿನ ಬಾನಿಯಲ್ಲಿ ಮುಖ ತೊಳೆದೆವು. ಪ್ರತಿ ವರ್ಷ ಮಂಜುಗಡ್ಡೆ ಒಡೆದು ನೀರು ತೆಗೆಯುತ್ತಿದ್ದೆವು. ಇಂದು ಕೈ ಹಾಕಿದೊಡನೆ ನೀರು ಸಿಕ್ಕಿತು. ಇರುಳು ಬೆಟ್ಟ ಹೆಪ್ಪುಗಟ್ಟಿಲ್ಲ."

"ಇನ್ನು ಬೆಟ್ಟಕ್ಕೆ ಜ್ವರ ಬಂದಿದೆ ಎನ್ನುತ್ತಾಳೆ, ನೋಡುತ್ತಿರಿ!" ಎಂದು ಗುಂಪಿನಲ್ಲಿ ಒಬ್ಬ ನಕ್ಕ.

ಆ ಬೆಳಗ್ಗೆ ಎಲ್ಲರ ಬಾನಿಯಲ್ಲೂ ನೀರೇ ಇತ್ತು. ಯಾರೂ ಹಾಗೆಂದು ಹೇಳಲಿಲ್ಲ.

ಗಂಡನನ್ನು ಕೊಂದವಳೆಂಬ ಹೆಸರು ಅವಳಿಗೆ ಅಂಟಿತು. ಅವಳ ಕುರಿಗಳನ್ನು ತಮ್ಮ ಹಿಂಡಿನೊಡನೆ ಸೇರಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಕೊನೆಗೆ ಅವಳೇ ತನ್ನನ್ನು ಶಂಕಿಸತೊಡಗಿದಳು. ಅಂದು ಕುಂಟುವ ಮರಿಯೊಂದನ್ನು ಎತ್ತಿಕೊಳ್ಳಲು ಅವಳು ದಾರಿಯಲ್ಲಿ ಒಮ್ಮೆ ನಿಂತದ್ದುಂಟು. ಆ ಗಳಿಗೆಯೇ ಅವನನ್ನು ಕೊಂದಿತೇ ಎಂದು ವರ್ಷಗಟ್ಟಲೆ ಬೆಂದಳು.

ಕಲ್ಲು ಬೀಳುವುದು ನಿಲ್ಲಲಿಲ್ಲ. ದೂರದ ನಾಡುಗಳ ಹೊಗೆ ಗಾಳಿಯನ್ನು ವರ್ಷದಿಂದ ವರ್ಷಕ್ಕೆ ಕಾಯಿಸಿತ್ತು. ಬಂಡೆಗಳ ಆಳದಲ್ಲಿದ್ದ ಹಳೆಯ ಮಂಜುಗಡ್ಡೆ ಒಳಗೊಳಗೇ ಕರಗುತ್ತಿತ್ತು. ಅದಕ್ಕೆ ಹಗಲೂ ಒಂದೇ, ಇರುಳೂ ಒಂದೇ. ಮತ್ತೆ ಕೆಲವರು ಸತ್ತರು. ಪ್ರತಿ ಸಲವೂ ಹಿರಿಯ, ತಡವಾಗಿ ಹೊರಟಿರಬೇಕು ಎಂದ. ಸತ್ತವರು ಎದುರಾಡಲಿಲ್ಲ. ನಿಯಮಕ್ಕೆ ಕಳಂಕ ತಟ್ಟಲಿಲ್ಲ.

ಹೀಗೆ ವರ್ಷಗಳು ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಹಿರಿಯ ತನ್ನ ಮಗನನ್ನು ಕರೆದುಕೊಂಡು ತಾನೇ ಹೊರಟ. ಎಲ್ಲರಿಗಿಂತ ಮೊದಲು ಹೊರಟ. ಇಳಿಜಾರಿನ ನಡುವೆ ಮಗನ ಮೇಲೆ ಬಂಡೆ ಬಿತ್ತು. ಪೂರ್ವದಲ್ಲಿ ಇನ್ನೂ ಬೆಳಕು ಮೂಡಿರಲಿಲ್ಲ.

ಮಗನನ್ನು ಮಣ್ಣು ಮಾಡಿದ ಮೇಲೆ ಅವನು ಮನೆಗೆ ಹೋಗಲಿಲ್ಲ. ಆ ವಿಧವೆಯ ಬಾಗಿಲಿಗೆ ಹೋಗಿ ನಿಂತ.

"ನಾವು ಕತ್ತಲಲ್ಲೇ ಹೊರಟಿದ್ದೆವು, ತಾಯಿ."

ಅವಳು ಅವನಿಗೆ ಕೂರಲು ಕಂಬಳಿ ಹಾಸಿದಳು.

"ನಂಬುತ್ತೇನೆ, ಅಜ್ಜಾ," ಎಂದಳು.

ಹಿರಿಯ ಆ ಕಂಬಳಿಯ ಮೇಲೆ ಕೂರಲಾರದೆ ನೆಲದ ಮೇಲೆ ಕುಸಿದ.

ಗುರುಗಳು ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಆ ನಿಯಮವೇ ತಪ್ಪಾಗಿತ್ತೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಮೊದಲ ಕಲ್ಲು ಬಿದ್ದ ದಿನ ಊರು ತಲೆಯೆತ್ತಿ ಬೆಟ್ಟವನ್ನು ನೋಡಬೇಕಿತ್ತು; ಊರು ಆ ಹೆಣ್ಣಿನ ಮುಖವನ್ನು ನೋಡಿತು."